ನೋವಿಗೆ ಯಾವ ಭಾಷೆ?



ಈ ವಾರ ನಮ್ಮ ಮನೆಯದೇ ಒಂದು ಮಾತು. ನನ್ನ ಅಕ್ಕನ ಮಗಳು ಇಲ್ಲೇ ಚೆನ್ನೈಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಕೊನೆಯ ವರ್ಷ ಓದುತ್ತಿದ್ದಾಳೆ. ಹಗಲು ಕಾಲೇಜು, ಸಂಜೆ ಜರ್ಮನ್ ಭಾಷೆಯ ತರಗತಿ. ಓದು ಮುಗಿಸಿ ಜರ್ಮನಿಗೆ ಹೋಗಬೇಕೆಂಬುದು ಅವಳ ಆಸೆ.

ಇದೇನೂ ಹೊಸ ದಾರಿಯಲ್ಲ. 1960ರ ದಶಕದಲ್ಲೇ ಕೇರಳದ ಹೆಣ್ಣುಮಕ್ಕಳು ಪಶ್ಚಿಮ ಜರ್ಮನಿಯ ಆಸ್ಪತ್ರೆಗಳಿಗೆ ಹೋಗಿದ್ದರು. 2021ರಲ್ಲಿ ಕೇರಳದ ನೋರ್ಕಾ ಸಂಸ್ಥೆಯೂ ಜರ್ಮನಿಯ ಉದ್ಯೋಗ ಇಲಾಖೆಯೂ ದಾದಿಯರನ್ನು ಕಳಿಸುವ ಒಪ್ಪಂದ ಮಾಡಿಕೊಂಡವು. ಆದರೆ ಅಲ್ಲಿಗೆ ನರ್ಸಿಂಗ್ ಸರ್ಟಿಫಿಕೇಟ್ ಒಂದೇ ಸಾಲದು. ಯೂರೋಪಿನ ಲೆಕ್ಕದಲ್ಲಿ ಭಾಷಾ ಕಲಿಕೆಗೆ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲು. ಪೂರ್ಣ ಪ್ರಮಾಣದ ದಾದಿಯಾಗಿ ಕೆಲಸ ಮಾಡಲು ಸಾಮಾನ್ಯವಾಗಿ ನಾಲ್ಕನೆಯದು, ಅಂದರೆ ಬಿ2 ಬೇಕು.

ನಮ್ಮ ಹುಡುಗಿ ಮೂರನೆಯ ಮೆಟ್ಟಿಲಲ್ಲಿ ಎಡವಿದಳು. ಗೋಥೆ ಪರೀಕ್ಷೆಯ ಬಿ1ರಲ್ಲಿ ಓದುವುದು, ಆಲಿಸುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ಒಂದೊಂದಕ್ಕೂ ನೂರಕ್ಕೆ 60 ಬರಬೇಕು. ಮೂರರಲ್ಲಿ ಪಾಸಾದಳು, ಆಲಿಸುವುದರಲ್ಲಿ ಹೋಯಿತು.

ಏನಾಯಿತೇ ಎಂದು ಕೇಳಿದೆ. "ಅಂಕಿಗಳು ಚಿಕ್ಕಮ್ಮ" ಅಂದಳು. ನಾವು ಕನ್ನಡದಲ್ಲಿ ಮೂವತ್ತೈದು ಅನ್ನುತ್ತೇವೆ, ಮೊದಲು ಹತ್ತು, ಆಮೇಲೆ ಬಿಡಿ. ತಮಿಳರೂ ಹಾಗೇ. ಜರ್ಮನರು "ಫ್ಯುನ್ಫ್ ಉಂಟ್ ದ್ರೈಸಿಶ್" ಅನ್ನುತ್ತಾರೆ, ಐದು ಮತ್ತು ಮೂವತ್ತು! ಐದು ಕಿವಿಗೆ ಬಿದ್ದ ಕೂಡಲೇ ಇವಳ ಕೈ ಐದನ್ನೇ ಮೊದಲು ಬರೆಯುತ್ತದೆ. 35 ಹೋಗಿ 53 ಆಗುತ್ತದೆ. ಪರೀಕ್ಷೆಯಲ್ಲಾದರೆ ಅಂಕ ಹೋದೀತು. ವಾರ್ಡಿನಲ್ಲಿ ಔಷಧಿಯ ಅಳತೆ ಹೀಗೆ ತಿರುಗಿದರೆ?

ಆ ಭಯವೇ ಅವಳನ್ನು ಕೂರಿಸಿಬಿಟ್ಟಿತು. "ನನ್ನ ಕೈಯಲ್ಲಿ ಆಗಲ್ಲ, ಬಿಡ್ತೀನಿ" ಅಂದಳು. ಪುಸ್ತಕ ಮೂಲೆ ಸೇರಿತು.

ಅದೇ ತಿಂಗಳು ನನ್ನ ಅಮ್ಮನಿಗೆ, ಅಂದರೆ ಅವಳ ಅಜ್ಜಿಗೆ, ಇಲ್ಲಿ ಪಿತ್ತಕೋಶದ ಆಪರೇಷನ್ ಆಯಿತು. ಅಮ್ಮ ಮೈಸೂರಿನವರು, ತಮಿಳು ಬಾರದು. ಮೊದಲ ರಾತ್ರಿ ಒಳಗೆ ಮನೆಯವರನ್ನು ಬಿಡಲಿಲ್ಲ. ರಾತ್ರಿಪಾಳಿಯ ನರ್ಸ್ ಬಂದು ಅಕ್ಕರೆಯಿಂದಲೇ "ವಲಿ ಇರುಕ್ಕಾ ಪಾಟಿ?" ಎಂದು ಕೇಳಿದ್ದಾಳೆ. ತಮಿಳಿನಲ್ಲಿ ವಲಿ ಅಂದರೆ ನೋವು. ಅಮ್ಮನಿಗೆ ಕೇಳಿಸಿದ್ದು ಒಲೆ! ಇಲ್ಲವೆಂದು ತಲೆಯಾಡಿಸಿದರು. ನರ್ಸ್ ಸರಿ ಎಂದು ಹೋದಳು. ಅಮ್ಮ ಬೆಳಗಿನವರೆಗೆ ಹಲ್ಲುಕಚ್ಚಿ ಮಲಗಿದ್ದರು.

"ಆಸ್ಪತ್ರೆಗೆ ಒಲೆ ಎಲ್ಲಿಂದ ತರ್ತಾರೆ ಅಂದ್ಕೊಂಡೆ ಕಣೇ" ಎಂದು ಬೆಳಿಗ್ಗೆ ಅಮ್ಮ ಹೇಳಿದಾಗ ನಾನು ನಕ್ಕೆ. ಅಕ್ಕನ ಮಗಳು ನಗಲಿಲ್ಲ. ಅಮ್ಮ ನೋವು ಎಂದು ಬಾಯಿಬಿಟ್ಟು ಹೇಳಿದ್ದರೂ ತೊಡಕೇ. ತಮಿಳಿನ ನೋಯ್ ಅಂದರೆ ಕಾಯಿಲೆ. ಒಂದೇ ತಾಯಿಬೇರಿನ ಭಾಷೆಗಳಲ್ಲೇ ಇಷ್ಟು ದೂರವಿದ್ದರೆ, ಕಡಲಾಚೆಯ ಊರಿನ ಮುದುಕಿಯೊಬ್ಬಳ ಪಾಡೇನು?

ಆ ದಿನ ಸಂಜೆ ಪಾಳಿ ಬದಲಾಗುವಾಗ ಇವಳು ಆ ನರ್ಸ್ ಬಳಿ ಹೋಗಿ ನಾಲ್ಕು ಕನ್ನಡ ಪದ ತಮಿಳಿನಲ್ಲಿ ಬರೆದುಕೊಟ್ಟಳು: ನೋವು, ಉರಿ, ತಲೆಸುತ್ತು, ವಾಂತಿ. ರಾತ್ರಿ ಆಕೆ ಚೀಟಿ ನೋಡಿಕೊಂಡು "ಅಮ್ಮಾ, ನೋವು?" ಎಂದು ಕೇಳಿದಳಂತೆ. ಅಮ್ಮ ಹೂಂ ಅಂದರು. ಔಷಧಿ ಬಂತು, ನಿದ್ದೆಯೂ ಬಂತು.

ಮಾರನೆಯ ದಿನ ಮೂಲೆಯಲ್ಲಿದ್ದ ಪುಸ್ತಕ ಮತ್ತೆ ಹೊರಬಂತು. ಈಗ ಓದುವ ರೀತಿ ಬೇರೆ. ಮೊದಲು ನೋವಿನ ಮಾತುಗಳು. "ಹಾಬೆನ್ ಝೀ ಶ್ಮೆರ್ಟ್ಸೆನ್?" ಅಂದರೆ ನಿಮಗೆ ನೋವಿದೆಯೇ? ಈ ಝೀ ನಮ್ಮ "ನೀವು" ಇದ್ದ ಹಾಗೆ, ಸಲಿಗೆಯವರಿಗೆ "ದು", ನಮ್ಮ "ನೀನು". ಇಂಗ್ಲಿಷಿನಲ್ಲಿ ಇಲ್ಲದ ಈ ಮರ್ಯಾದೆ ಕನ್ನಡದವರಿಗೆ ಹೇಳಿಕೊಡಬೇಕಿಲ್ಲ. ಇನ್ನು ಅಂಕಿಗಳು. ಅವಳು ನನ್ನ ಫೋನಿನ ನಂಬರನ್ನು ಎರಡೆರಡು ಅಂಕಿಯಾಗಿ ಜರ್ಮನ್‌ನಲ್ಲಿ ಒಪ್ಪಿಸುತ್ತಾಳೆ. ಕೇಳಿದ ಅಂಕಿಯನ್ನು ತಿರುಗಿ ಗಟ್ಟಿಯಾಗಿ ಹೇಳಿ, ಸರಿಯೇ ಎಂದು ಕೇಳಿ, ಆಮೇಲೆ ಬರೆಯುತ್ತಾಳೆ. ವಾರ್ಡಿನಲ್ಲೂ ಒಳ್ಳೆಯ ದಾದಿಯರ ಪದ್ಧತಿ ಇದೇ ಅಲ್ಲವೇ?

ಫೇಲಾದ ಒಂದು ಭಾಗವನ್ನಷ್ಟೇ ಮತ್ತೆ ಬರೆಯಲು ಅವಕಾಶವಿದೆ. ಮುಂದಿನ ತಿಂಗಳು ಕೂರುತ್ತಾಳೆ. ಪಾಸಾಗುತ್ತಾಳೋ ಇಲ್ಲವೋ, ನೋಡೋಣ.

ಕನ್ನಡ ಬಿ.ಎ. ಓದಿದ ನನಗೆ ಇನ್ನೊಂದು ನೆನಪು. ಫರ್ಡಿನಾಂಡ್ ಕಿಟ್ಟೆಲ್ ಎಂಬ ಜರ್ಮನ್ ತರುಣ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ನಮ್ಮ ನಾಡಿಗೆ ಬಂದ. ಕನ್ನಡ ಕಲಿತ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅವರಿಗೂ ಮೊದಮೊದಲು ನಮ್ಮ ಮಾತು ತಲೆಕೆಳಗಾಗಿ ಕೇಳಿಸಿರಲಾರದೇ? ಅಂದು ಅಲ್ಲಿಂದ ಬಂದವರು ನಮ್ಮ ನುಡಿ ಕಲಿತರು. ಇಂದು ನಮ್ಮ ಹುಡುಗಿ ಅವರ ನುಡಿ ಕಲಿಯುತ್ತಿದ್ದಾಳೆ, ಅಲ್ಲಿಯ ಯಾರದೋ ಅಜ್ಜಿ ರಾತ್ರಿಯೆಲ್ಲ ಹಲ್ಲುಕಚ್ಚಿ ಮಲಗಬಾರದೆಂದು.

ಕೇಳುಗರೇ, ನಿಮ್ಮ ಮನೆಯ ಹಿರಿಯರು ಈ ಊರಿನ ಆಸ್ಪತ್ರೆ ಸೇರಬೇಕಾದರೆ ಒಂದು ಕೆಲಸ ಮಾಡಿ. ನಾಲ್ಕು ಪದದ ಒಂದು ಚೀಟಿ ಬರೆದು, ನರ್ಸ್ ಕೈಗೆ ಕೊಟ್ಟು ಬನ್ನಿ.

ಮುಂದಿನ ವಾರ ಮತ್ತೆ ಸೇರೋಣ. ನಮಸ್ಕಾರ.