ಕಚೇರಿಯೂ ಸಂಶೋಧನಾಲಯವೂ

ದೂರದ ಊರುಗಳಿಂದ ಅಂಕಪಟ್ಟಿಗಳ ಕಟ್ಟನ್ನು ಹಿಡಿದು ಬಂದಿರುವ ತರುಣ ಮಿತ್ರರೆ,

ಮಾನಸಗಂಗೋತ್ರಿಯ ಈ ಆವರಣದಲ್ಲಿ ಉದ್ಯೋಗಮೇಳವನ್ನು ಉದ್ಘಾಟಿಸುವ ಗೌರವವನ್ನು ನನಗಿತ್ತುದಕ್ಕಾಗಿ ಕೃತಜ್ಞನಾಗಿದ್ದೇನೆ. ಮಂಟಪದ ಒಂದು ಪಾರ್ಶ್ವದಲ್ಲಿ ಸಂಶೋಧನೆಯ ಹುದ್ದೆಗಳನ್ನೂ ಮತ್ತೊಂದರಲ್ಲಿ ಆಡಳಿತದ ಹುದ್ದೆಗಳನ್ನೂ ವಿಂಗಡಿಸಿಟ್ಟಿರುವುದು ಅನುಕೂಲಕ್ಕಾಗಿಯಷ್ಟೆ. ಅವುಗಳ ನಡುವೆ ಉಚ್ಚನೀಚಭಾವವು ನಿಮ್ಮ ಮನಸ್ಸಿನಲ್ಲಿ ತಲೆಯೆತ್ತಬಾರದೆಂಬುದೇ ನಾನಿಂದು ನಿವೇದಿಸಬಯಸುವ ಮಾತು.

ಇದಕ್ಕೆ ಒಂದು ನಿದರ್ಶನವನ್ನು ನೋಡಿ. 1891ರಲ್ಲಿ ಸ್ಥಾಪಿತವಾಗಿ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಜನ್ಮತಾಳಿದಾಗ ಅದರ ಅಂಗವಾದ ಪ್ರಾಚ್ಯ ಗ್ರಂಥಾಲಯಕ್ಕೆ, 1905ರಲ್ಲಿ, ತಂಜಾವೂರು ಪ್ರಾಂತದ ಪಂಡಿತರೊಬ್ಬರು ಗ್ರಂಥಲಿಪಿಯ ತಾಳೆಗರಿಯ ಕಟ್ಟೊಂದನ್ನು ಒಪ್ಪಿಸಿಹೋದರು. ಕಂಟದಿಂದ ಕೊರೆದು, ಮಸಿ ತೊಡೆದ ಹೊರತು ಕಣ್ಣಿಗೆ ಸುಲಭವಾಗಿ ಗೋಚರಿಸದ ಅಕ್ಷರಗಳ ಆ ಗರಿಗಳನ್ನು ದಾಖಲೆಗೆ ಸೇರಿಸಿ ಕಪಾಟಿನಲ್ಲಿರಿಸಿದ್ದರೆ ಗ್ರಂಥಪಾಲಕರ ಕರ್ತವ್ಯವು ನಿಯಮದ ಮಟ್ಟಿಗೆ ಮುಗಿಯುತ್ತಿತ್ತು. ಆದರೆ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅವನ್ನು ಬಿಚ್ಚಿ ಓದಿದರು. ಇತರ ಗ್ರಂಥಗಳ ಉಲ್ಲೇಖಗಳಿಂದ ಮಾತ್ರವೇ ಪರಿಚಿತವಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರವು ಅದೆಂದು ಗುರುತಿಸಿದರು. 1909ರಲ್ಲಿ ಮೂಲವನ್ನೂ 1915ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನೂ ಲೋಕಕ್ಕಿತ್ತರು. ಆ ಹುದ್ದೆಯನ್ನು ಕಚೇರಿಯದೆನ್ನೋಣವೆ, ಸಂಶೋಧನೆಯದೆನ್ನೋಣವೆ?

ಅಂತಹ ಭಾಗ್ಯವು ಎಲ್ಲರ ಪಾಲಿಗೂ ಬರುವುದಿಲ್ಲ, ನಿಜ. ಆದರೆ ಹಣಕಾಸು ವಿಭಾಗದ ಗುಮಾಸ್ತನು ಒಂದು ಯೋಜನೆಯ ಬಳಕೆ ಪ್ರಮಾಣಪತ್ರವನ್ನು ಸಕಾಲದಲ್ಲಿ ಕಳುಹಿಸದಿದ್ದರೆ ಅನುದಾನದ ಮುಂದಿನ ಕಂತು ತಡೆಯಲ್ಪಟ್ಟು, ಪ್ರಯೋಗಶಾಲೆಯ ಸಂಶೋಧನಾ ಸಹಾಯಕನ ಮಾಸಿಕ ವೇತನವೇ ನಿಂತುಹೋಗುತ್ತದೆ. ಅಂಕಪಟ್ಟಿಯಲ್ಲಿ ಹೆಸರಿನ ಒಂದಕ್ಷರ ತಪ್ಪಿದ ಹಳ್ಳಿಯ ಹುಡುಗಿಯ ಅರ್ಜಿಯನ್ನು, ಅವಳ ಹತ್ತನೆಯ ತರಗತಿಯ ದಾಖಲೆಯೊಡನೆ ತಾಳೆನೋಡಿ, ಅಂದೇ ಟಿಪ್ಪಣಿ ಬರೆದು ಮೇಲಧಿಕಾರಿಗೆ ಮಂಡಿಸುವ ದ್ವಿತೀಯ ದರ್ಜೆ ಸಹಾಯಕನು ವಿದ್ಯೆಗೆ ಮಾಡುವ ಸೇವೆ ಅಲ್ಪವಾದುದೆಂದು ನಾನು ಒಪ್ಪಲಾರೆ.

ಸಂಶೋಧನೆಯ ಹಾದಿಯನ್ನು ಹಿಡಿಯುವವರಿಗೆ ಒಂದು ಹಿತವಚನ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ದೊರೆಯುವ ಕಿರಿಯ ಸಂಶೋಧನಾ ವೃತ್ತಿವೇತನವು ಬೇರೆ, ಯೋಜನೆ ಮುಗಿದೊಡನೆ ತಾನೂ ಮುಗಿಯುವ ತಾತ್ಕಾಲಿಕ ಹುದ್ದೆಯು ಬೇರೆ. ಪ್ರಕಟಣೆಯ ಷರತ್ತುಗಳನ್ನು ಕೊನೆಯ ಸಾಲಿನವರೆಗೆ ಓದದೆ ಸಹಿ ಮಾಡಬೇಡಿ. ವ್ಯವಸ್ಥಾಪಕರಲ್ಲಿಯೂ ನನ್ನದೊಂದು ಪ್ರಾರ್ಥನೆಯುಂಟು: ಪ್ರತಿಯೊಂದು ಹುದ್ದೆಯ ಅವಧಿಯನ್ನೂ ವೇತನವನ್ನೂ ಮಳಿಗೆಯ ಮುಂಭಾಗದಲ್ಲಿಯೇ, ಕನ್ನಡದಲ್ಲಿ, ದಪ್ಪಕ್ಷರಗಳಿಂದ ಬರೆಯಿಸಿ; ಏಕೆಂದರೆ ಕೇಳಲು ಸಂಕೋಚಪಡುವ ಮಕ್ಕಳೇ ಇಲ್ಲಿ ಹೆಚ್ಚಾಗಿ ಬಂದಿದ್ದಾರೆ.

ಈ ಮೇಳವು ಪ್ರಾರಂಭವಾಯಿತೆಂದು ಸಂತೋಷದಿಂದ ಸಾರುತ್ತೇನೆ.