ಮಾಗಡಿ ಕೆರೆಯ ಹೆಬ್ಬಾತುಗಳಿಗೆ ಊಟ ಹಾಕೋರು ಯಾರು?

ಸವಣೂರಿನಿಂದ ಲಕ್ಷ್ಮೇಶ್ವರ ದಾಟಿ ಗದಗ ಜಿಲ್ಲೆಯೊಳಗೆ ಹೋದ್ರೆ ಮಾಗಡಿ ಅನ್ನೋ ಸಣ್ಣ ಊರು ಸಿಗುತ್ತೆ. ಇಲ್ಲಿನ ಕೆರೆ ಸುಮಾರು 54 ಹೆಕ್ಟೇರ್ ಅಷ್ಟೇ. ಆದ್ರೂ 2024ರಲ್ಲಿ ಅದು ರಾಮ್ಸರ್ ಪಟ್ಟಿ ಸೇರಿತು. ಅಂದ್ರೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳಲ್ಲಿ ಒಂದಾಯ್ತು.

ಇದರ ಹೆಸರು ಬೆಳಗಿದ್ದು ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಂದ. ಈ ಹಕ್ಕಿ ಮೀನು ನಂಬಿ ಬದುಕಲ್ಲ. ಹುಲ್ಲು, ಕಾಳು, ಎಳೆ ಪೈರು ಅದರ ಊಟ. ಕೆರೆಯಲ್ಲಿ ವಿಶ್ರಾಂತಿ, ಸುತ್ತಲಿನ ಹೊಲದಲ್ಲಿ ಮೇವು.

ಕೆರೆಗೇನೋ ರಕ್ಷಣೆ ಸಿಕ್ತು. ಬೆಳೆ ಬಿಟ್ಟುಕೊಡೋ ರೈತನಿಗೆ? ಅವನು ಹಕ್ಕಿ ಓಡಿಸೋಕೆ ನಿಂತ್ರೆ ಯಾವ ಪಟ್ಟಿಯೂ ಅವನ್ನ ಉಳಿಸಲ್ಲ ಅಂತೀನಿ ನಾನು. ಹಕ್ಕಿ ನೋಡೋಕೆ ಹೋದಾಗ ಹೊಲದವರನ್ನೂ ಮಾತಾಡಿಸಿ.