ಇಂಟರ್ವಲ್ಲಿನಲ್ಲಿ ಆಡಿದ ಮಾತು



ದೇವದುರ್ಗದಲ್ಲಿ ದತ್ತಿ ಉಪನ್ಯಾಸವೆಂದರೆ ದಾಸಸಾಹಿತ್ಯದ ಮಾತು ಬರುವುದು ಸಹಜ. ಮೊಸರಕಲ್ಲಿನ ಗೋಪಾಲದಾಸರು ಈ ತಾಲೂಕಿನವರು. ಪಕ್ಕದ ಮಾನ್ವಿಯಲ್ಲಿ ಜಗನ್ನಾಥದಾಸರು ಬಾಳಿದರು. ಅದನ್ನು ನನಗಿಂತ ಆಳವಾಗಿ ಬಲ್ಲವರು ಈ ಸಭೆಯಲ್ಲೇ ಇದ್ದೀರಿ. ಹೀಗಾಗಿ ನಾನು ಸಿನಿಮಾದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಸಿನಿಮಾ ನೋಡುವವರ ಬಗ್ಗೆ ಮಾತಾಡುತ್ತೇನೆಂದು ದತ್ತಿ ಇಟ್ಟ ಮನೆಯವರನ್ನು ಕೇಳಿಕೊಂಡೆ. ಅವರು ಸಂತೋಷದಿಂದ ಒಪ್ಪಿದರು. ನನ್ನ ಪ್ರಶ್ನೆ ಒಂದೇ: ಮೊದಲ ಸಲ ಸಿನಿಮಾ ನೋಡುವಾಗ ಕಥೆಯ ತಿರುವು ನಮಗೆ ಮುಂಚೆಯೇ ತಿಳಿಯುತ್ತದೆಯೇ?

ಕೇಳಿದರೆ ತಿಳಿದಿತ್ತು ಎನ್ನುವವರೇ ಹೆಚ್ಚು. ಆಟ ಬಿಟ್ಟ ಮೇಲೆ ಟಾಕೀಸಿನ ಗೇಟಿನ ಬಳಿ ನಿಂತರೆ ಕಿವಿಗೆ ಬೀಳುವ ಮಾತು ಇದು: "ನನಗ ಆವಾಗೇ ಗೊತ್ತಾಗಿತ್ತು ಬಿಡಪಾ, ಇಂವಂದೇ ಕೆಲಸ ಅಂತ." ಹೀಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರು ಅದನ್ನು ನಂಬಿಯೇ ಹೇಳುತ್ತಾರೆ. ಆದರೆ ಆ ನಂಬಿಕೆ ಯಾವಾಗ ಹುಟ್ಟಿತು ಎಂಬುದನ್ನು ಸ್ವಲ್ಪ ಕೆದಕಿ ನೋಡಬೇಕು.

1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ರಷ್ಯಾಕ್ಕೆ ಹೊರಟಿದ್ದರು. ಬರೂಕ್ ಫಿಶಾಫ್ ಮತ್ತು ರೂತ್ ಬೇತ್ ಎಂಬ ಮನಶ್ಶಾಸ್ತ್ರಜ್ಞರು ಪ್ರವಾಸಕ್ಕೆ ಮುಂಚೆ ಇಸ್ರೇಲಿನ ವಿದ್ಯಾರ್ಥಿಗಳ ಮುಂದೆ ಕೆಲವು ಸಾಧ್ಯತೆಗಳನ್ನಿಟ್ಟು, ಯಾವುದು ಎಷ್ಟರ ಮಟ್ಟಿಗೆ ನಡೆದೀತು ಎಂದು ಬರೆಸಿಕೊಂಡರು. ಪ್ರವಾಸ ಮುಗಿದ ಮೇಲೆ ಅದೇ ವಿದ್ಯಾರ್ಥಿಗಳನ್ನು ಕರೆದು, ಅಂದು ನೀವು ಏನು ಬರೆದಿದ್ದಿರಿ ನೆನಪಿಸಿಕೊಳ್ಳಿ ಎಂದರು. ನಡೆದುಹೋದ ಸಂಗತಿಗಳ ಬಗ್ಗೆ, ತಾವು ನಿಜವಾಗಿ ಬರೆದಿದ್ದಕ್ಕಿಂತ ಹೆಚ್ಚು ಭರವಸೆಯಿಂದ ಬರೆದಿದ್ದೆವೆಂದೇ ವಿದ್ಯಾರ್ಥಿಗಳು ನೆನಪಿಸಿಕೊಂಡರು. ಅಧ್ಯಯನ 1975ರಲ್ಲಿ ಪ್ರಕಟವಾಯಿತು. ಫಲ ಕಂಡ ಮೇಲೆ ಮನಸ್ಸು ಹಳೆಯ ಊಹೆಯನ್ನು ತಾನೇ ತಿದ್ದಿ ಬರೆಯುತ್ತದೆ, ತಿದ್ದಿದ ಗುರುತನ್ನೂ ಉಳಿಸುವುದಿಲ್ಲ. ಗೇಟಿನ ಬಳಿಯ ಮಾತಿಗೂ ಇದೇ ಅನ್ವಯಿಸುತ್ತದೆ. ಮನಸ್ಸಿನಲ್ಲಿ ನಾಲ್ಕು ಜನರ ಮೇಲೆ ಗುಮಾನಿ ಇತ್ತು. ಒಬ್ಬ ಸಿಕ್ಕಿಬಿದ್ದ ಕೂಡಲೇ ಉಳಿದ ಮೂವರು ನೆನಪಿನಿಂದ ಅಳಿಸಿಹೋದರು.

ಹಾಗಾದರೆ ನೋಡುಗನ ನಿಜವಾದ ಊಹೆ ಎಲ್ಲಿ ಸಿಗುತ್ತದೆ? ನಮ್ಮ ಟಾಕೀಸುಗಳಲ್ಲೇ ಸಿಗುತ್ತದೆ. ಪಶ್ಚಿಮದ ದೇಶಗಳಲ್ಲಿ ಇವತ್ತು ಸಿನಿಮಾವನ್ನು ಬಹುಮಟ್ಟಿಗೆ ಒಂದೇ ಉಸಿರಿನಲ್ಲಿ ತೋರಿಸುತ್ತಾರೆ. ನಮ್ಮಲ್ಲಿ ಅರ್ಧಕ್ಕೆ ನಿಲ್ಲಿಸಿ ದೀಪ ಹಾಕುತ್ತಾರೆ. ಜನ ಹೊರಗೆ ಬಂದು, ಚಹಾ ಮಿರ್ಚಿ ಕೈಯಲ್ಲಿ ಹಿಡಿದು, ಕಥೆ ಇನ್ನೂ ಮುಗಿಯದಿರುವಾಗಲೇ ಬಾಯಿಬಿಟ್ಟು ಊಹೆ ಮಾಡುತ್ತಾರೆ. "ಆ ಪೋಲಿಸಪ್ಪನ ಮ್ಯಾಲೆ ನನಗ ಡೌಟದ." "ಏ, ಆಕಿ ಸತ್ತಿಲ್ಲ ತಗೊ." ಅದು ತಿದ್ದುಪಡಿಯಾಗದ ಸಾಕ್ಷ್ಯ. ಆಟ ಬಿಟ್ಟ ಮೇಲಿನ ಹತ್ತು ಮಾತಿಗಿಂತ ಇಂಟರ್ವಲ್ಲಿನಲ್ಲಿ ಆಡಿದ ಒಂದು ಮಾತು ನನಗೆ ಹೆಚ್ಚು ಬೆಲೆಯುಳ್ಳದ್ದು.

ಮುಂದೆ ಕೆಲವು ಚಿತ್ರಗಳ ಗುಟ್ಟನ್ನು ಹೇಳಲೇಬೇಕಾಗಿದೆ. ನೋಡದವರು ಮನ್ನಿಸಬೇಕು.

'ಆಪ್ತಮಿತ್ರ'ದಿಂದ ಶುರುಮಾಡುತ್ತೇನೆ. ಫಾಜಿಲ್ ಅವರ 1993ರ ಮಲಯಾಳಂ ಚಿತ್ರ 'ಮಣಿಚಿತ್ರತಾಳ್' ಆಧರಿಸಿ ಪಿ. ವಾಸು ಅದನ್ನು 2004ರಲ್ಲಿ ಕನ್ನಡಕ್ಕೆ ತಂದರು. ಹಳೆಯ ಅರಮನೆ, ಬೀಗ ಹಾಕಿದ ಕೋಣೆ, ಅಲ್ಲಿ ಹಿಂದೆ ಸತ್ತ ನರ್ತಕಿ ನಾಗವಲ್ಲಿ. ಮನೆಯೊಳಗೆ ಕೇಡು ಮಾಡುತ್ತಿರುವವರು ಯಾರು? ಚಿತ್ರ ನಮ್ಮ ಗುಮಾನಿಯನ್ನು ಪ್ರೇಮಾ ಅವರ ಪಾತ್ರದ ಕಡೆ ತಿರುಗಿಸುತ್ತ ಹೋಗುತ್ತದೆ. ನಿಜಕ್ಕೂ ನಾಗವಲ್ಲಿ ಆವರಿಸಿರುವುದು ಸೌಂದರ್ಯ ನಟಿಸಿದ ಗಂಗಾಳನ್ನು. ಸುಳಿವುಗಳನ್ನೇನೂ ಬಚ್ಚಿಟ್ಟಿಲ್ಲ. ಆ ಕೋಣೆಯ ಮೇಲೆ ಆಸೆಪಟ್ಟವಳು, ಬಾಗಿಲು ತೆಗೆಸಿದವಳು ಅವಳೇ. ಆದರೂ ಮೊದಲ ನೋಟಕ್ಕೆ ಬಹಳ ಜನಕ್ಕೆ ಹೊಳೆಯಲಿಲ್ಲ. ಕಾರಣ ಕಥೆಯ ಒಳಗಿಲ್ಲ, ಪೋಸ್ಟರಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ. ನಾಯಕಿಯನ್ನು ಅನುಮಾನಿಸುವುದು ನಮಗೆ ಅಭ್ಯಾಸವಿಲ್ಲ. ಇನ್ನೊಂದು ದುಃಖದ ಕಾರಣವೂ ಇತ್ತು. ಬಿಡುಗಡೆಗೆ ಕೆಲವೇ ತಿಂಗಳ ಮುಂಚೆ, ಏಪ್ರಿಲ್ 17ರಂದು, ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಅಗಲಿದ ಮಗಳನ್ನು ಕೊನೆಯ ಸಲ ನೋಡಲು ಬಂದ ಜನ ಅವಳ ಮೇಲೆ ಹೇಗೆ ಗುಮಾನಿಪಟ್ಟಾರು?

ನಮ್ಮ ರಾಯಚೂರು ಜಿಲ್ಲೆಗೆ ಈ ಚಿತ್ರದಲ್ಲಿ ಬೇರೆಯೇ ಒಂದು ಸಂಬಂಧವಿದೆ. ನಾಗವಲ್ಲಿ ತೆಲುಗು ನರ್ತಕಿ. ಗಂಗಾಳ ಬಾಯಲ್ಲಿ ತೆಲುಗು ಬಂದಾಗ, ಆ ಭಾಷೆ ಬಾರದ ಊರುಗಳಲ್ಲಿ ಅದೊಂದು ಅಪರಿಚಿತ ದನಿಯಾಗಿ ಕೇಳಿಸಿ ಭಯ ಹುಟ್ಟಿಸಿತು. ರಾಯಚೂರಿನ ನೋಡುಗನಿಗೆ ತೆಲುಗು ಬಜಾರಿನ ಭಾಷೆ, ಬೀಗರ ಭಾಷೆ. ಅವನು ದನಿಗೆ ಹೆದರುವ ಮೊದಲು ಮಾತಿನ ಅರ್ಥ ಹಿಡಿದ. ಅವಳ ಸಂಕಟ ನೇರವಾಗಿ ಅವನನ್ನು ಮುಟ್ಟಿತು. ಒಂದೇ ತಿರುವು ಎರಡು ಊರುಗಳಲ್ಲಿ ಎರಡು ರೀತಿ ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ತೆಲುಗು ನಾಡಿನ ಗಡಿಯಲ್ಲಿರುವ ಈ ನೋಡುಗನಿಗೆ ಇನ್ನೊಂದು ವಿಶೇಷವಿದೆ. ಎಷ್ಟೋ ಕಥೆಗಳನ್ನು ಅವನು ಎರಡು ಭಾಷೆಯಲ್ಲಿ ನೋಡುತ್ತಾನೆ. ಮಲಯಾಳಂ 'ದೃಶ್ಯಂ' ಆಧರಿಸಿದ ಕನ್ನಡದ 'ದೃಶ್ಯ', ರವಿಚಂದ್ರನ್ ಅಭಿನಯದ್ದು, 2014ರ ಜೂನಿನಲ್ಲಿ ಬಂತು. ವೆಂಕಟೇಶ್ ಅಭಿನಯದ ತೆಲುಗು ಚಿತ್ರ ಜುಲೈಯಲ್ಲಿ ಬಂತು. ತಿಂಗಳೊಪ್ಪತ್ತಿನಲ್ಲಿ ಅದೇ ಗುಟ್ಟನ್ನು ಎರಡನೆಯ ಸಲ ನೋಡಲು ಯಾಕೆ ಹೋಗಬೇಕು? ಆದರೂ ಹೋಗುವವರು ಹೋಗುತ್ತಾರೆ. ಗುಟ್ಟೇ ಸಿನಿಮಾದ ಜೀವವಾಗಿದ್ದರೆ ಎರಡನೆಯ ಟಿಕೆಟ್ಟು ಹರಿಯುತ್ತಿರಲಿಲ್ಲ.

'ದೃಶ್ಯ'ದ ಬಗ್ಗೆ ಸ್ವಲ್ಪ ನಿಲ್ಲಬೇಕು. ಕೊಲೆ ಯಾರು ಮಾಡಿದರು ಎಂಬುದನ್ನು ಅದು ಮುಚ್ಚಿಡುವುದೇ ಇಲ್ಲ. ನಮ್ಮ ಕಣ್ಣೆದುರೇ ನಡೆಯುತ್ತದೆ. ಪೊಲೀಸರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತು ಎಂಬ ಹೆಮ್ಮೆಯಲ್ಲಿ ನಾವು ಅದನ್ನು ಮುಚ್ಚಿಹಾಕುವ ನಾಯಕನ ಕುಟುಂಬದ ಪಕ್ಕ ಕೂತುಬಿಡುತ್ತೇವೆ. ಎಲ್ಲ ಗೊತ್ತಿರುವವರು ಇನ್ನೇನನ್ನು ಹುಡುಕುತ್ತಾರೆ? ಹೆಣ ಎಲ್ಲಿದೆ ಎಂಬ ಪ್ರಶ್ನೆ ನಮಗೂ ಉಳಿದಿದೆ ಎಂಬುದೇ ಮರೆತುಹೋಗುತ್ತದೆ. ಕಟ್ಟುತ್ತಿರುವ ಹೊಸ ಪೊಲೀಸ್ ಠಾಣೆ ಕಣ್ಣಿಗೆ ಬೀಳುತ್ತಲೇ ಇದ್ದರೂ ಅದರ ನೆಲದ ಕೆಳಗೆ ಮನಸ್ಸು ಇಳಿಯುವುದಿಲ್ಲ. ಜಾಣ ನೋಡುಗನ ಜಾಣತನವನ್ನೇ ಬಳಸಿಕೊಂಡ ತಿರುವು ಇದು. ನಾಯಕ ಕೇಬಲ್ ಟಿ.ವಿ. ನಡೆಸುವವನು, ಸಿನಿಮಾ ನೋಡಿ ನೋಡಿಯೇ ಲೋಕ ಕಲಿತವನು. ನಮ್ಮಂಥ ಒಬ್ಬ ಪ್ರೇಕ್ಷಕನೇ ನಮಗಿಂತ ಒಂದು ಹೆಜ್ಜೆ ಮುಂದಿದ್ದ.

ಪವನ್ ಕುಮಾರ್ ಅವರ 'ಲೂಸಿಯಾ' (2013) ಇದಕ್ಕಿಂತ ಕಠಿಣವಾದ ಆಟ ಆಡಿತು. ಜನರಿಂದಲೇ ಹಣ ಕೂಡಿಸಿ ತೆಗೆದ ಚಿತ್ರ ಅದು. ನಾಯಕ ನಿಕ್ಕಿ ಟಾಕೀಸಿನಲ್ಲಿ ಬ್ಯಾಟರಿ ಬಿಟ್ಟು ಸೀಟು ತೋರಿಸುವ ಹುಡುಗ. ನಿದ್ದೆಗೆಂದು ಗುಳಿಗೆ ತೆಗೆದುಕೊಳ್ಳುತ್ತಾನೆ, ಕನಸಿನಲ್ಲಿ ಸಿನಿಮಾ ನಟನಾಗುತ್ತಾನೆ. ನಟನ ಬದುಕು ಕಪ್ಪು ಬಿಳುಪು, ಟಾಕೀಸಿನ ಬದುಕು ಬಣ್ಣದ್ದು. ಬಣ್ಣ ಕಂಡಲ್ಲಿ ನಿಜ ಎಂದು ನಾವೇ ತೀರ್ಮಾನಿಸಿದೆವು, ಚಿತ್ರ ಹಾಗೆ ಪ್ರಮಾಣ ಮಾಡಿರಲಿಲ್ಲ. ಕೊನೆಗೆ ನಟನೇ ನಿಜ, ಟಾಕೀಸಿನ ಹುಡುಗನೇ ಕನಸು ಎಂದಾಗ, ಹೆಸರಾದ ಮನುಷ್ಯನೊಬ್ಬ ಅನಾಮಿಕನಾಗಿ ಬದುಕಲು ಎಷ್ಟು ಹಂಬಲಿಸಿದ್ದ ಎಂಬುದು ಎದೆಗೆ ತಟ್ಟುತ್ತದೆ. ಇಲ್ಲಿ ಊಹೆ ಸರಿಯಾದವರಿಗೂ ಆ ಪೆಟ್ಟು ತಪ್ಪುವುದಿಲ್ಲ. ಒಳ್ಳೆಯ ತಿರುವಿಗೆ ನಾನು ಕೊಡುವ ಪರೀಕ್ಷೆ ಇದೇ: ಮುಂಚೆಯೇ ತಿಳಿದವನಿಗೂ ಅದರಿಂದ ಏನಾದರೂ ಸಿಗಬೇಕು. ಅದೇ ನಿರ್ದೇಶಕರ 'ಯು ಟರ್ನ್' (2016) ಕೂಡ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಬರೀ ಬೆಚ್ಚಿಬೀಳಿಸುವುದಕ್ಕೆಂದೇ ಕೊನೆಯ ರೀಲಿನಲ್ಲಿ ಅವಳಿ ತಮ್ಮನನ್ನು ಕರೆತರುವ ಚಿತ್ರಗಳು ಸೋಲುತ್ತವೆ, ಅವುಗಳ ಹೆಸರು ಬೇಡ.

ಆಲ್ಫ್ರೆಡ್ ಹಿಚ್‌ಕಾಕ್ ಒಂದು ವ್ಯತ್ಯಾಸವನ್ನು ಬಿಡಿಸಿ ಹೇಳುತ್ತಿದ್ದರು. ಮೇಜಿನ ಕೆಳಗೆ ಬಾಂಬು ಇದೆ ಎಂದು ನೋಡುಗನಿಗೆ ಗೊತ್ತಿಲ್ಲದೆ ಸಿಡಿದರೆ ಒಂದು ಕ್ಷಣದ ಬೆಚ್ಚು. ಗೊತ್ತಿದ್ದು, ಕೂತವರಿಗೆ ಗೊತ್ತಿಲ್ಲದಿದ್ದರೆ ಅಷ್ಟೂ ಹೊತ್ತು ಜೀವ ಹಿಡಿದು ಕೂರಬೇಕು. ಗುಟ್ಟು ಕಾಯುವುದರಲ್ಲೂ ಆತ ಗಟ್ಟಿಗ. 1960ರ 'ಸೈಕೋ' ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ಥಿಯೇಟರುಗಳಿಗೆ ಕಟ್ಟಪ್ಪಣೆ ಮಾಡಿದ್ದರು. ಆದರೆ ಎರಡನೆಯ ಬಗೆಯನ್ನೇ ಹೆಚ್ಚು ಮೆಚ್ಚಿದ್ದರು.

ಆ ಎರಡನೆಯ ಬಗೆ ನಮಗೆ ಹಳೆಯ ಪರಿಚಯ. ದೊಡ್ಡಾಟದಂಥ ಬಯಲಾಟ ನೋಡಿ ಬೆಳೆದವರು ಇಲ್ಲಿದ್ದೀರಿ. ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಕೇಳುತ್ತಾನೆ, ಪಾತ್ರ ತನ್ನ ಹೆಸರು, ಕುಲ, ಊರು, ಬಂದ ಕಾರಣ ಎಲ್ಲವನ್ನೂ ಹೇಳುತ್ತದೆ. ಯಾವ ಗುಟ್ಟೂ ಇಲ್ಲ. ಅಭಿಮನ್ಯು ಚಕ್ರವ್ಯೂಹದಿಂದ ಮರಳುವುದಿಲ್ಲ ಎಂಬುದು ಮುಂದೆ ಚಾಪೆ ಹಾಕಿ ಕುಳಿತ ಹುಡುಗನಿಗೂ ಗೊತ್ತು. ಗೊತ್ತಿದ್ದೂ ಬೆಳಗಿನ ಜಾವದವರೆಗೆ ಕಣ್ಣು ಮಿಟುಕಿಸದೆ ಕೂರುವ ಜನ ಇವರು. ಸಿನಿಮಾದಲ್ಲೂ ಹೀಗೇ. 1971ರ 'ಕಸ್ತೂರಿ ನಿವಾಸ'ದಲ್ಲಿ ರಾಜಕುಮಾರ್ ಅವರ ಮನೆಗೆ ಜಯಂತಿ ಪಾರಿವಾಳ ಕೇಳಲು ಬರುತ್ತಾರೆ. ಅದು ಆಗಲೇ ಅವನ ಕೈಬಿಟ್ಟಿದೆ ಎಂದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅವಳು ಬಾಯಿ ತೆರೆಯುವ ಮುನ್ನವೇ ಥಿಯೇಟರು ಅಳುತ್ತಿರುತ್ತದೆ. 'ಕಾಂತಾರ' (2022) ಹಿಚ್‌ಕಾಕ್ ಹೇಳಿದ ಎರಡೂ ಬಗೆಗಳನ್ನು ಹೆಣೆದಿದೆ. ಊರಿನ ಧಣಿಯ ಒಳಮುಖವನ್ನು ಮೊದಲು ನಮಗೆ ತೋರಿಸಿ, ನಾಯಕ ಶಿವನಿಗೆ ತಡವಾಗಿ ತೋರಿಸುತ್ತದೆ. ಧಣಿಯನ್ನು ಅದಕ್ಕೂ ಮುಂಚೆಯೇ ಅನುಮಾನಿಸಿದ ಹಿರಿಯರನ್ನು ನಾನು ಕಂಡಿದ್ದೇನೆ. ಅವರು ಸಸ್ಪೆನ್ಸ್ ಚಿತ್ರ ನೋಡಿ ಪಳಗಿದವರಲ್ಲ. ಭೂಮಿಯ ಪಹಣಿಗಾಗಿ ಕಚೇರಿಗೆ ಅಲೆದವರು. ನಗುನಗುತ್ತ ಹೆಗಲ ಮೇಲೆ ಕೈ ಹಾಕುವ ಜಮೀನ್ದಾರ ಅವರಿಗೆ ತೆರೆಯ ಹೊರಗೇ ಪರಿಚಯ. ಊಹಿಸುವ ಶಕ್ತಿ ಸಿನಿಮಾದಿಂದ ಮಾತ್ರ ಬರುತ್ತದೆ ಎಂದು ತಿಳಿದ ವಿಮರ್ಶಕರು ಈ ನೋಡುಗರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ಅನ್ಯಾಯ.

ಕೊನೆ ಗೊತ್ತಾದರೆ ಸವಿ ಕೆಡುತ್ತದೆಯೇ ಎಂದು ಸಂಶೋಧಕರೂ ಪರೀಕ್ಷಿಸಿದ್ದಾರೆ. 2011ರಲ್ಲಿ ಕ್ಯಾಲಿಫೋರ್ನಿಯಾದ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ 12 ಸಣ್ಣಕಥೆಗಳನ್ನು ಓದಿಸಿ, ಕೊನೆಯನ್ನು ಮೊದಲೇ ತಿಳಿದವರು ಹೆಚ್ಚು ಮೆಚ್ಚಿದರೆಂದು ಬರೆದರು. 2015ರಲ್ಲಿ ಜಾನ್ಸನ್ ಮತ್ತು ರೋಸೆನ್‌ಬಾಮ್ ಇದಕ್ಕೆ ವಿರುದ್ಧವಾದ ಫಲ ಕಂಡರು. ಎರಡೂ ಕಡೆ ಓದಿದ್ದು ಕಥೆಗಳನ್ನು, ಒಬ್ಬೊಬ್ಬರಾಗಿ. ಶಿಳ್ಳೆ ಹಾಕುವ, ಪಕ್ಕದವನ ಕಿವಿಯಲ್ಲಿ ಪಿಸುಗುಟ್ಟುವ, ತೆರೆಯ ಮೇಲಿನ ಹುಡುಗಿಗೆ "ಹೋಗಬ್ಯಾಡವಾ ಒಳಗ" ಎಂದು ಕೂಗಿ ಹೇಳುವ ನಮ್ಮ ಟಾಕೀಸಿನ ಸಮೂಹ ಆ ಪರೀಕ್ಷೆಗಳಲ್ಲಿ ಇಲ್ಲ. ನಮ್ಮಲ್ಲಿ ಒಬ್ಬನ ಊಹೆ ಎರಡು ನಿಮಿಷದಲ್ಲಿ ಇಡೀ ಸಾಲಿನ ಊಹೆಯಾಗುತ್ತದೆ.

ಆದ್ದರಿಂದ ಕಾಲೇಜಿನಿಂದ ನೇರವಾಗಿ ಬಂದು ಹಿಂದಿನ ಸಾಲುಗಳಲ್ಲಿ ಕುಳಿತಿರುವ ಗೆಳೆಯರಲ್ಲಿ ನನ್ನದೊಂದು ಬೇಡಿಕೆ. ಗುಟ್ಟಿರುವ ಹೊಸ ಕನ್ನಡ ಚಿತ್ರ ಇಲ್ಲಿಗೋ ರಾಯಚೂರಿಗೋ ಬಂದಾಗ ಮೊದಲ ದಿನವೇ ಹೋಗಿ. ಮೊಬೈಲಿನಲ್ಲಿ ಕಥೆ ಹರಿದಾಡುವ ಮುಂಚೆ ಹೋಗಬೇಕು. ಇಂಟರ್ವಲ್ಲಿನಲ್ಲಿ ಚೀಟಿ ಹಂಚಿ, ಮುಂದೇನಾಗುತ್ತದೆ, ಯಾಕೆ ಹಾಗನ್ನಿಸಿತು ಎಂದು ಬರೆಸಿಕೊಳ್ಳಿ. ಬರೆಯಲು ಬಾರದವರ ಮಾತನ್ನು ನೀವೇ ಬರೆದುಕೊಳ್ಳಿ, ಅವರಾಡಿದ ಭಾಷೆಯಲ್ಲೇ. ವಯಸ್ಸು, ಕಸುಬು, ತೆಲುಗು ಚಿತ್ರ ನೋಡುತ್ತಾರೆಯೇ, ಬಯಲಾಟ ನೋಡಿದ್ದಾರೆಯೇ ಎಂಬುದನ್ನೂ ಗುರುತು ಹಾಕಿ, ಹೆಸರು ಬೇಡ. ಆಟ ಬಿಟ್ಟ ಮೇಲೆ ಅವರನ್ನೇ ಮತ್ತೆ ಕೇಳಿ, ಎರಡೂ ಚೀಟಿಗಳನ್ನು ಪಕ್ಕದಲ್ಲಿಟ್ಟು ನೋಡಿ. ಗೇಟಿನ ಬಳಿ "ನನಗ ಗೊತ್ತಿತ್ತು" ಎಂದವರಲ್ಲಿ ಹೆಚ್ಚಿನವರ ಮೊದಲ ಚೀಟಿಯಲ್ಲಿ ಬೇರೆ ಹೆಸರಿರುತ್ತದೆ ಎಂದು ನಾನು ನಿರೀಕ್ಷಿಸುತ್ತೇನೆ. ಸರಿಯಾಗಿ ಬರೆದವರಲ್ಲಿ ಬಯಲಾಟ ನೋಡಿದ ಹಿರಿಯರು ಸಾಕಷ್ಟು ಸಿಗುತ್ತಾರೆ ಎಂದೂ ನಿರೀಕ್ಷಿಸುತ್ತೇನೆ. ನನ್ನ ಈ ಎರಡು ಊಹೆಗಳು ಇಂದೇ ಅಚ್ಚಾಗಲಿ, ಮುಂದೆ ನಾನು ತಿದ್ದಿಕೊಳ್ಳಲು ಬಾರದಂತೆ.